ಒಂದು 'ಅಯ್ಯೋ ಪಾಪ'ಕ್ಕಾಗಿ

ನಾನು ಹೇಳುವುದರಲ್ಲಿ ಕೂದಲೆಳೆಯಷ್ಟೂ ಸುಳ್ಳಿಲ್ಲ. ನನ್ನ ಉಳಿಯ ಮೇಲೆ ಆಣೆ. ಸಾಲದಿದ್ದರೆ ಬಾಯಲ್ಲಿ ಮಿಕ್ಕಿರುವ ಆರು ಹಲ್ಲುಗಳ ಮೇಲೂ ಆಣೆ.

ಬೆಟ್ಟದ ತುದಿಯ ಪುಣ್ಯಸ್ಥಳಕ್ಕೆ ಒಂದು ಇಡೀ ಹಗಲಿನ ನಡಿಗೆ. ಹೊರಟವರು ಮೂವರು: ಬೂಟು ಹೊಲಿಯುವ ನಾನು, ನನ್ನ ಹೆಂಡತಿ, ಪಕ್ಕದ ಅಂಗಡಿಯ ಟೈಲರ್. ಅವನು ನನ್ನವಳನ್ನು ತಂಗಿ ಅನ್ನುತ್ತಾನೆ, ನನ್ನನ್ನು ಭಾವ ಅನ್ನುತ್ತಾನೆ. ಬಾಯಿ ತುಂಬಾ ಅನ್ನುತ್ತಾನೆ, ಅದೇ ನನಗೆ ಆಗದು.

ನಾವು ಗಂಡ ಹೆಂಡತಿ ಹಾಕಿದ್ದು ನಾನೇ ಹೊಲಿದ ಬೂಟು. ನನ್ನ ಬೂಟು ಹಾಕಿಕೊಂಡು ಒಬ್ಬ ನಿದ್ದೆಗಣ್ಣಲ್ಲೇ ಎರಡು ಊರು ದಾಟಿ ಹೋಗಿ, ಎಚ್ಚರವಾದ ಮೇಲೆ ಬಸ್ಸು ಹಿಡಿದು ವಾಪಸ್ ಬಂದಿದ್ದಾನೆ. ಅಷ್ಟು ಮೆತ್ತಗೆ. ಟೈಲರ್ ಮಾತ್ರ ಪೇಟೆಯ ಗಾಜಿನ ಬಾಗಿಲಿನ ಅಂಗಡಿಯಿಂದ ಹೊಳೆಯುವ ಹೊಸ ಜೋಡಿ ತಂದಿದ್ದ. ಎರಡನೇ ಮೈಲಿಗೇ ಅದು ಅವನನ್ನು ಕಚ್ಚಿತು. ಬಂಡೆಯ ಮೇಲೆ ಕೂತು ಕಾಲು ಹೊರಗೆಳೆದ. ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ನೀರುಗುಳ್ಳೆ.

"ಅಯ್ಯೋ ಪಾಪ!" ಅಂದಳು ನನ್ನ ಹೆಂಡತಿ.

ನನ್ನ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಮದುವೆಯಾಗಿ ಇಪ್ಪತ್ತಾರು ವರ್ಷ. ಉಳಿ ಹೆಬ್ಬೆರಳಿಗೆ ನಾಟಿದಾಗ ಇವಳು ಅಂದದ್ದು, "ರಕ್ತ ಚರ್ಮದ ಮೇಲೆ ಬೀಳ್ತಿದೆ, ಕೈ ಆ ಕಡೆ ಹಿಡೀರಿ." ಏಣಿಯಿಂದ ಬಿದ್ದಾಗ ಮೊದಲು ಏಣಿ ನೋಡಿದಳು. ಒಂದೇ ಒಂದು 'ಅಯ್ಯೋ ಪಾಪ' ನನ್ನ ಪಾಲಿಗೆ ಬಂದಿಲ್ಲ. ಈ ಟೈಲರನಿಗೆ ಎರಡು ಮೈಲಿಗೆ ಸಿಕ್ಕಿಬಿಟ್ಟಿತು!

ಅವಳು ನನ್ನ ನೀರಿನಿಂದ ಅವನ ಕಾಲು ತೊಳೆದಳು, ನನ್ನ ಕರ್ಚೀಫು ಹರಿದು ಪಟ್ಟಿ ಕಟ್ಟಿದಳು.

"ತಂಗೀ, ನೀನು ಕಟ್ಟಿದ್ಮೇಲೆ ನೋವೇ ಗೊತ್ತಾಗ್ತಿಲ್ಲ ನೋಡು."

"ಗೊತ್ತಾಗ್ತಿಲ್ಲ ಅಂದ್ರೆ ಏಳಪ್ಪ, ನಡಿ," ಅಂದೆ ನಾನು.

"ರೀ, ಸುಮ್ನಿರಿ. ನಿಮ್ಗೇನು, ಮರದ ಕೊರಡಿನಂಥ ಕಾಲು."

ಆಗಲಿ ಅಂದುಕೊಂಡೆ. ಸ್ವಲ್ಪ ಹಿಂದೆ ಉಳಿದು ನನ್ನ ಬೂಟಿನೊಳಗೆ ಒಂದು ಚೂಪುಗಲ್ಲು ಹಾಕಿಕೊಂಡೆ. ಒಂದು ಮೈಲಿ ನಡೆದು ಬಿಚ್ಚಿ ನೋಡಿದರೆ, ಗುಳ್ಳೆ ಎಲ್ಲಿ ಬಂತು, ಕಲ್ಲೇ ಸವೆದು ಗೋಲಿಯಂತೆ ಗುಂಡಗಾಗಿತ್ತು! ಇನ್ನೂ ಮೂರು ಹಾಕಿದೆ. ಆ ಮೂರೂ ಗೋಲಿ. ನನ್ನ ಕೈಗುಣವೇ ನನಗೆ ಶತ್ರುವಾಯಿತು.

ಮಧ್ಯಾಹ್ನ ಮರದ ನೆರಳಲ್ಲಿ ಉಪಾಯ ಹೊಳೆಯಿತು. ಟೈಲರನ ಕಾಲಿನ ಅಳತೆಯೂ ನನ್ನದೂ ಒಂದೇ. ಕಾಲಿನ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

"ಲೋ, ಬೂಟು ಬದಲಾಯಿಸೋಣ. ನಂದು ನೀನು ಹಾಕ್ಕೋ, ನಿಂದು ಕೊಡು."

"ಭಾವಾ! ನೀವು ಮನುಷ್ಯರಲ್ಲ, ದೇವರು!" ಅವನ ಕಣ್ಣಲ್ಲಿ ನೀರೇ ಬಂತು. ನನ್ನವಳು ನನ್ನ ಕಡೆ ನೋಡಲೂ ಇಲ್ಲ. ಬಗ್ಗಿ ಅವನ ಬೂಟಿನ ದಾರ ಕಟ್ಟಿಕೊಟ್ಟಳು. ನನ್ನ ಬೂಟಿನ ದಾರ!

ಗಾಜಿನ ಅಂಗಡಿಯ ಬೂಟು ಮೋಸ ಮಾಡಲಿಲ್ಲ, ಚೆನ್ನಾಗಿ ಕಚ್ಚಿತು. ಸಂಜೆ ಬಿಚ್ಚಿ ನೋಡಿದಾಗ ಗುಳ್ಳೆ ಎಷ್ಟು ದೊಡ್ಡದಾಗಿತ್ತೆಂದರೆ, ಎರಡು ಗುಬ್ಬಿಗಳು ಕೆರೆಯೆಂದುಕೊಂಡು ನೀರು ಕುಡಿಯಲು ಇಳಿದವು. ಆದರೆ ತೋರಿಸುವುದು ಯಾರಿಗೆ? ಟೈಲರ್ ನನ್ನ ಬೂಟಿನಲ್ಲಿ ಕರುವಿನ ಹಾಗೆ ಜಿಗಿಯುತ್ತ ಒಂದು ಮೈಲಿ ಮುಂದೆ, ಜೊತೆಗೆ ನನ್ನವಳು. ಅವರಿಬ್ಬರ ನಗು ಮಾತ್ರ ಗಾಳಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ನಾನು ಕುಂಟುತ್ತ, ಹಲ್ಲು ಕಡಿಯುತ್ತ ಹತ್ತಿದೆ.

ತುದಿಯ ತಂಗುಮನೆಯ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. ಅವಳು ಬಗ್ಗಿ ನೋಡಿದಳು. ನಾನು ಉಸಿರು ಬಿಗಿಹಿಡಿದೆ.

"ಇಷ್ಟೇನಾ?" ಅಂದಳು. "ಟೈಲರಣ್ಣಂದು ಇದರ ಎರಡರಷ್ಟಿತ್ತು. ಅಲ್ಲ ರೀ, ಇಷ್ಟು ವರ್ಷದಿಂದ ಬೂಟು ಹೊಲೀತೀರಲ್ಲ, ಕಚ್ಚೋ ಬೂಟು ಯಾವುದು ಅಂತ ನಿಮ್ಗೆ ಗೊತ್ತಾಗಲ್ವಾ?"

ಒಳಗಿನಿಂದ ಅವನು ಕೂಗಿದ: "ಭಾವಾ, ಈ ಜೋಡಿ ನನಗೇ ಹೊಲಿದ ಹಾಗಿದೆ!" ಇನ್ನೂ ವಾಪಸ್ ಕೊಟ್ಟಿಲ್ಲ.

ನೋಡಿ, ಮನೆಗೆ ಬಂದು ವಾರವಾಯಿತು, ಗುಳ್ಳೆ ಒಣಗುತ್ತಾ ಬಂದಿದೆ. ಇನ್ನೆರಡು ದಿನ ಹೋದರೆ ಗುರುತೂ ಇರುವುದಿಲ್ಲ. ಅವಳು ಒಳಗೆ ಚಹಾ ಕಾಯಿಸುತ್ತಿದ್ದಾಳೆ, ನಿಮಗೂ ಒಂದು ಲೋಟ ತರುತ್ತಾಳೆ. ಅವಳು ಬಾಗಿಲಿಗೆ ಬರುವ ಹೊತ್ತಿಗೆ ನಾನು ಈ ಕಾಲನ್ನು ಸ್ಟೂಲಿನ ಮೇಲೆ ಇಡುತ್ತೇನೆ. ನೀವು ಎದೆ ಮುಟ್ಟಿಕೊಂಡು, ಅವಳ ಕಿವಿಗೆ ಬೀಳುವ ಹಾಗೆ, 'ಅಯ್ಯೋ ಪಾಪ' ಅನ್ನಬೇಕು. ನೀವು ಶುರು ಮಾಡಿದರೆ ಅವಳೂ ದನಿ ಸೇರಿಸಿಯಾಳು. ಜೋರಾಗಿ ಅನ್ನಿ, ಚಹಾಕ್ಕೆ ಆಮೇಲೆ ಕೈ ಚಾಚಿ.