ಅತ್ತೆಯ ಬಣ್ಣ, ಸೊಸೆಯ ಪ್ರೋಬು

ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಕಾರ್ಖಾನೆಯಲ್ಲಿ ಅದು ಎಲ್ಲರಿಗೂ ಗೊತ್ತು. ಕಾರ್ಖಾನೆ ಅಂದರೆ ಮಹಾ ದೊಡ್ಡದೇನಲ್ಲ, ಮನೆ ಹಿಂದಿನ ಎರಡು ಕೋಣೆ. ಅಲ್ಲಿ ಆಸ್ಪತ್ರೆಯವರಿಗೆ ಡ್ರಿಪ್ ಪಂಪು ತಯಾರಾಗುತ್ತಿತ್ತು. ತಗಡಿನ ಡಬ್ಬ ಮಾಡಿ ಬಣ್ಣ ಹೊಡೆಯುವುದು ಅತ್ತೆ, ಒಳಗಿನ ಸರ್ಕ್ಯೂಟು ಸೊಸೆಯದು, ಬೆಸುಗೆಗೆ ಒಬ್ಬ ಆಳು.

ಈಗ ವಕ್ಕರಿಸಿತ್ತು ಗ್ರಹಚಾರ. ಪಂಪು ಅಕ್ಕಪಕ್ಕದ ಯಂತ್ರಗಳಿಗೆ ಕಾಟ ಕೊಡುವಷ್ಟು ರೇಡಿಯೋ ಗದ್ದಲ ಹೊರಬಿಡುತ್ತಿದೆ ಅಂತ ಪರೀಕ್ಷೆಯವರು ವಾಪಸ್ ಕಳಿಸಿದ್ದರು. ನಾಳೆ ಮರುಪರೀಕ್ಷೆ. ಮತ್ತೆ ಫೇಲಾದರೆ ಆಸ್ಪತ್ರೆಯ ಆರ್ಡರು ಬೇರೆಯವರ ಪಾಲು.

"ನಿನ್ನ ಸರ್ಕ್ಯೂಟೇ ಸರಿಯಿಲ್ಲ ಕಣೇ. ನನ್ನ ಡಬ್ಬಕ್ಕೇನಾಗಿದೆ?" ಅಂದರು ಅತ್ತೆ. ಆಗಿದ್ದೇನು ಮಣ್ಣು! ಈ ಪಂಪಿನ ಡಬ್ಬಕ್ಕೆ ಒಳಗೂ ಹೊರಗೂ, ತೂತಿನ ಅಂಚಿಗೂ ಬಿಡದೆ ಎರಡೆರಡು ಕೋಟು ಬಳಿದಿದ್ದರು, ತುಕ್ಕು ಹತ್ತಿರ ಸುಳಿಯಬಾರದು ಅಂತ.

ಸೊಸೆ ಗದ್ದಲ ಪತ್ತೆಹಚ್ಚುವ ಪ್ರೋಬು ಕೈಗೆತ್ತಿಕೊಂಡಳು. ಅದರ ತುದಿಯಲ್ಲಿ ಮಗುವಿನ ಬಳೆಯಷ್ಟು ಉಂಗುರ. ಗದ್ದಲ ಇದ್ದ ಕಡೆ ಹಿಡಿದರೆ ಪಕ್ಕದ ಪರದೆಯಲ್ಲಿ ಗೆರೆ ಮೇಲೇಳುತ್ತದೆ. ಸರ್ಕ್ಯೂಟಿನ ಮೇಲೆ ಹಿಡಿದಳು, ಎದ್ದಿತು.

"ನೋಡಿದ್ಯಾ!" ಅಂದರು ಅತ್ತೆ.

"ಒಳಗೆ ಇದು ಇರೋದೇ ಅತ್ತೆ. ಹೊರಗೆ ಹೇಗೆ ಬರ್ತಿದೆ ಅಂತ ನೋಡ್ಬೇಕು."

"ಹ್ಞೂಂ, ಕುಣಿಯಲಾರದವಳಿಗೆ ನೆಲ ಡೊಂಕಂತೆ!"

ಸೊಸೆ ಮುಚ್ಚಳ ಹಾಕಿ ಸಂದುಗಳ ಮೇಲೆ ಪ್ರೋಬು ಆಡಿಸಿದಳು. ಗೆರೆ ಮಲಗೇ ಇತ್ತು. ಕೇಬಲ್ ಹೊರಬರುವ ತೂತಿನ ಹತ್ತಿರ ತಂದದ್ದೇ ತಡ, ಚಂಗನೆ ಎದ್ದಿತು. ಅವಳು ತೂತನ್ನು ನೋಡಿದಳು, ಅತ್ತೆಯ ಮುಖ ನೋಡಿದಳು.

"ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ? ಹೇಳು!"

"ಕೇಬಲ್ ಸುತ್ತ ಹೆಣೆದ ತಂತಿಯ ಕವಚ ಇದೆಯಲ್ಲ ಅತ್ತೆ, ಅದು ಡಬ್ಬದ ತಗಡನ್ನ ಮುಟ್ಟಬೇಕು. ಆಗ ಗದ್ದಲ ಒಳಗೇ ಉಳಿಯುತ್ತೆ. ಈಗ ಕರೆಂಟು ಹರಿಯದ ಹಾಗೆ ಮಧ್ಯೆ ನಿಮ್ಮ ಬಣ್ಣ ಕೂತಿದೆ."

ಬೆಸುಗೆಯವನು ತಲೆ ಬಗ್ಗಿಸಿ ಕನ್ನಡಕ ಒರೆಸತೊಡಗಿದ. ಅತ್ತೆಯ ಕಿವಿ ಕೆಂಪಾಯಿತು. ಯಾರ ಬಣ್ಣದಲ್ಲಿ ಹುಳುಕು ಹುಡುಕುತ್ತಿದ್ದಾಳೆ ಇವಳು!

ಸೊಸೆ ಸ್ಕ್ರೂಡ್ರೈವರಿನಿಂದ ಬಣ್ಣ ಗೀರಿ, ಅದರ ತುದಿಯಿಂದಲೇ ಕವಚಕ್ಕೂ ತಗಡಿಗೂ ಸೇತುವೆ ಹಾಕಿದಳು. ಪರದೆಯ ಗೆರೆ ಕೆಳಗಿಳಿಯಿತು. ಸ್ಕ್ರೂಡ್ರೈವರು ಎತ್ತಿದಳು, ಗೆರೆ ಎದ್ದಿತು.

"ಇನ್ನೊಂದ್ಸಲ ಮಾಡು," ಅಂದರು ಅತ್ತೆ. ಮಾಡಿದಳು. ಮತ್ತೆ ಅದೇ.

ಅಬ್ಬಾ, ಎಂಥಾ ಹುಡುಗಿ! ಕಣ್ಣಿಗೆ ಕಾಣದ್ದನ್ನು ಹುಡುಕಿ ಹಿಡಿದಳು. ಅದು ಹಾಗಿರಲಿ, ತನ್ನಂಥ ಸಿಡುಕಿಯ ಮುಖದೆದುರೇ ನಿಂತು ಹೇಳಿದಳಲ್ಲ! ಗಂಡನಿಗೂ ಮಗನಿಗೂ ಇಷ್ಟು ವರ್ಷ ಆಗದ ಕೆಲಸ ಅದು. ಅತ್ತೆಗೆ ಹೆಮ್ಮೆಯಾಯಿತು. ಉಪ್ಪುಕಾಗದ ಹಿಡಿದು, ತೂತಿನ ಸುತ್ತ ತಗಡು ಹೊಳೆಯುವವರೆಗೆ ಉಜ್ಜುತ್ತಾ ಕೂತರು.

ಮರುದಿನ ಪಂಪು ಪಾಸಾಯಿತು. ಪರೀಕ್ಷೆಯ ಅಧಿಕಾರಿ ಡಬ್ಬವನ್ನು ತಿರುಗಿಸಿ ನೋಡುತ್ತಾ, "ಇಷ್ಟು ಚೆಂದದ ಬಣ್ಣವನ್ನ ಇಲ್ಲಿ ಯಾರು ಕೆಡಿಸಿದ್ದು?" ಅಂದ.

"ನಾನೇ ಸರ್, ಏನೋ ಅವಸರದಲ್ಲಿ..." ಅಂತ ಸೊಸೆ ತಪ್ಪು ತನ್ನ ಮೈಮೇಲೆ ಎಳೆದುಕೊಳ್ಳಹೊರಟಳು.

"ಸುಮ್ನಿರೇ," ಅಂದರು ಅತ್ತೆ. "ಕೆರೆದದ್ದು ನಾನು ಸ್ವಾಮಿ. ಕೆಡಿಸಿದ್ದೂ ನಾನೇ, ಬಳಿಯಬಾರದ ಕಡೆ ಬಳಿದು. ನನಗೇ ಅದನ್ನ ಹೇಳೋ ಧೈರ್ಯ ಮಾಡಿದ್ದು ಇವಳು. ನನ್ನ ಸೊಸೆ."