ಪೂರಾ ಫೋಟೋ

ಮಿಶ್ರಿಕೋಟಿಯ ಅಂಗನವಾಡಿ ಟೀಚರ್ ಶಿವಗಂಗಾಳಿಗೆ ತನ್ನ ಮುಖ ಊರೂರು ತಿರುಗುತ್ತಿದೆ ಎಂದು ಗೊತ್ತಾದದ್ದು ಒಂದು ಮಂಗಳವಾರ ಮಧ್ಯಾಹ್ನ.

ಅಂಗನವಾಡಿ ಕೆಲಸದ ಆ್ಯಪ್ ಹಿಂದಿನ ದಿನವಷ್ಟೇ ಅಪ್‌ಡೇಟ್ ಆಗಿತ್ತು. ಆವತ್ತು ಬೆಳಗಿನಿಂದ ಸತಾಯಿಸುತ್ತಿತ್ತು. ರೇಶನ್ ಒಯ್ಯಲು ಬಂದ ಬಾಣಂತಿಯ ಮುಖವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು, ಅವಳು ಕಣ್ಣು ಮಿಟುಕಿಸಬೇಕು, ಆಗ ಮುಖದ ಸುತ್ತ ಹಸಿರು ಗೆರೆ ಬರಬೇಕು. ಆ ಹುಡುಗಿ ಹತ್ತು ಸಲ ಕಣ್ಣು ಮಿಟುಕಿಸಿ ಸಾಕಾಗಿ ನಗತೊಡಗಿದ್ದಳು. ಗೆರೆ ಕೆಂಪಾಗಿಯೇ ಇತ್ತು.

ಬೇರೆ ಊರುಗಳಲ್ಲಿ ಹೇಗಿದೆಯೋ ನೋಡೋಣವೆಂದು ಶಿವಗಂಗಾ ಟೀಚರುಗಳ ವಾಟ್ಸಾಪ್ ಗ್ರೂಪ್ ತೆರೆದಳು. ಅಲ್ಲಿಯೂ ಅದೇ ಗೋಳು. ದೇವಿಕೊಪ್ಪದ ಟೀಚರ್ ತಬಸುಮ್ ಮಾತಿನ ಬದಲು ಒಂದು ಸ್ಟಿಕರ್ ಹಾಕಿದ್ದಳು. ಬಾಯಿ ಅಗಲಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ತಲೆಯ ಮೇಲೆ ಕೈ ಹೊತ್ತು ಅಳುವ ಹೆಂಗಸು. ಹಿಂದೆ ಮುಂದೆ ಏನೂ ಇಲ್ಲ. ಅವಳನ್ನಷ್ಟೇ ಕತ್ತರಿಸಿ ತೆಗೆದು, ಸುತ್ತ ಬಿಳಿ ಅಂಚು ಕೊಟ್ಟು, ಕೆಳಗೆ ‘ಹೋತಲ್ಲೋ ಯಪ್ಪಾ’ ಎಂದು ಬರೆದಿತ್ತು. ಎಷ್ಟೋ ಮಂದಿ ಅದಕ್ಕೆ ನಗುವ ಗುರುತು ಒತ್ತಿದ್ದರು.

ಶಿವಗಂಗಾಳಿಗೂ ಮೊದಲು ನಗುವೇ ಬಂತು. ಆಮೇಲೆ ಆ ಹೆಂಗಸಿನ ಮಣಿಕಟ್ಟು ಕಂಡಿತು. ಅಲ್ಲಿ ಹುಣಸೆಬೀಜದಷ್ಟು ಉದ್ದದ ಸುಟ್ಟ ಕಲೆ. ಅವಳು ಫೋನ್ ಹಿಡಿದಿದ್ದ ತನ್ನ ಕೈಯನ್ನು ಹೊರಳಿಸಿ ನೋಡಿಕೊಂಡಳು. ರೊಟ್ಟಿಯ ಹಂಚು ತಾಗಿದ ಕಲೆ, ಅದೇ ಜಾಗದಲ್ಲಿ.

“ಯಾಕ್ರಿ ಟೀಚರ್, ಏನಾತು?” ಎಂದಳು ಬಾಣಂತಿ.

“ಏನಿಲ್ಲವ್ವಾ. ನಾಳೆ ಬಾ. ಇವತ್ತ ಇದು ಮುಖಾ ಗುರುತ ಹಿಡಿಯಂಗಿಲ್ಲ.”

ಶಿವಗಂಗಾ ಹಾಗೆ ಅತ್ತದ್ದು ಒಂದೇ ಸಲ. ನಾಲ್ಕು ತಿಂಗಳ ಹಿಂದೆ. ಅವಳ ಗಂಡ ಹೊಳಬಸಪ್ಪ ಟೆಂಪೋ ಓಡಿಸುತ್ತಿದ್ದ. ಒಂದು ಸಂಜೆ ಹುಬ್ಬಳ್ಳಿಯಿಂದ ಬಂದು ಮನೆಯ ಮುಂದೆ ಗಾಡಿ ನಿಲ್ಲಿಸಿದವನು ಇಳಿಯಲೇ ಇಲ್ಲ. ಚಹಾ ಆರುತ್ತದೆ ಎಂದು ಕರೆಯಲು ಹೋದಾಗ ಸ್ಟೇರಿಂಗಿನ ಮೇಲೆ ಒರಗಿದ್ದ, ಜೀವ ಹೋಗಿತ್ತು. ನಲವತ್ತೆಂಟು ವಯಸ್ಸು. ಮರುದಿನ ಮಣ್ಣಿಗೆ ಒಯ್ಯುವ ಮೊದಲು ಅವನನ್ನು ಗೋಡೆಗೆ ಆನಿಸಿ ಕೂರಿಸಿ ಹಾರ ಹಾಕಿದಾಗ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಯಾರು ಬಂದರು, ಯಾರು ನೋಡಿದರು, ಏನೂ ನೆನಪಿಲ್ಲ.

ಅವಳು ತಬಸುಮ್‌ಗೆ ಫೋನ್ ಹಚ್ಚಿದಳು. “ತಬಸುಮ್, ಆ ಅಳೂ ಸ್ಟಿಕರ್ ನಿನಗ ಯಾರ ಕಳಿಸಿದ್ರು?”

“ನಮ್ಮ ತಮ್ಮ ದಾನೀಶ್ ಕಳಿಸಿದ್ದ ಅಕ್ಕಾ. ಯಾಕ?”

“ಚಂದಾಗಿ ನೋಡು ಒಂದ ಸಲ. ಅದು ಯಾರು ಅಂತ.”

ತಬಸುಮ್ ಸ್ಟಿಕರ್ ತೆರೆದು ನೋಡಿದಳು. ನೋಡಿದವಳೇ ಅಳತೊಡಗಿದಳು. “ನನಗ ಗೊತ್ತಾಗಲಿಲ್ಲ ಅಕ್ಕಾ. ಅಲ್ಲಾನ ಆಣಿ, ನಿಮ್ಮನ್ನ ಹಂಗ ನೋಡೇ ಇರಲಿಲ್ಲ.”

“ನೀ ಅಳಬ್ಯಾಡ. ನಿನ್ನ ತಮ್ಮನ ಗ್ಯಾರೇಜು ಎಲ್ಲಿ ಐತಿ, ಅಷ್ಟ ಹೇಳು.”

ಮರುದಿನ ಮಕ್ಕಳನ್ನು ಮನೆಗೆ ಕಳಿಸಿ, ಅಂಗನವಾಡಿಗೆ ಕೀಲಿ ಹಾಕಿ, ಅವಳು ಕಲಘಟಗಿಯ ಬಸ್ಸು ಹತ್ತಿದಳು. ದಾನೀಶ್ ಬೈಕ್ ರಿಪೇರಿಯ ಅಂಗಡಿಯಲ್ಲಿ ಕೈ ಒರೆಸಿಕೊಂಡು ಎದ್ದು ನಿಂತ. ಅಕ್ಕ ಮೊದಲೇ ಹೇಳಿದ್ದಳೆಂದು ಕಾಣುತ್ತದೆ, ಅವನು ತಲೆ ಎತ್ತಿ ಮಾತಾಡಲಿಲ್ಲ. ತಾನು ಓದಿದ ಹೈಸ್ಕೂಲಿನ ಹಳೆಯ ಹುಡುಗರದೊಂದು ಕ್ರಿಕೆಟ್ ಗ್ರೂಪ್ ಇದೆ, ಅದರಿಂದ ಸಿಕ್ಕಿತು ಎಂದ.

“ಅದರಾಗ ಮೊದಲ ಯಾರ ಹಾಕಿದ್ರು?”

ದಾನೀಶ್ ಬೆರಳಿನಿಂದ ಗ್ರೂಪನ್ನು ಮೇಲೆ ಮೇಲೆ ಸರಿಸುತ್ತ ಹೋದ. ತಿಂಗಳುಗಳು ಹಿಂದೆ ಹೋದವು. “ಇಲ್ಲೈತ್ರಿ ಅಕ್ಕಾರ. ನಾವು ಫೈನಲ್ ಸೋತ ದಿನ. ಕಿರಣಕುಮಾರ್ ಸರ್ ಹಾಕ್ಯಾರ. ನಮ್ಮ ಕನ್ನಡಾ ಸರ್ರ. ಭಾಳ ಕಾಮಿಡಿ ಅವರು.”

ಶಿವಗಂಗಾ ತಾರೀಖು ನೋಡಿದಳು. ಹೊಳಬಸಪ್ಪ ಹೋದ ಐದನೇ ದಿನ.

ಕಿರಣಕುಮಾರ ಹೊಳಬಸಪ್ಪನ ಒಡಹುಟ್ಟಿದ ತಮ್ಮ. ಐದನೇ ದಿನ ಅವನು ಅವಳ ಮನೆಯಲ್ಲೇ ಇದ್ದ. ಪಡಸಾಲೆಯಲ್ಲಿ ಕೂತು ಬಂದವರಿಗೆಲ್ಲ ಅಣ್ಣನ ಗುಣಗಾನ ಮಾಡುತ್ತಿದ್ದ. ನಡುನಡುವೆ ಫೋನ್ ನೋಡುತ್ತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಹಲ್ಲು ಒಂದಕ್ಕೊಂದು ಕಚ್ಚಿಕೊಂಡೇ ಇದ್ದವು. ಅವನ ಶಾಲೆಗೆ ಹೋಗಿ ಕ್ಲಾಸಿನ ಮುಂದೆ ಕಾಲಲ್ಲಿದ್ದದ್ದನ್ನು ಕೈಗೆ ತೆಗೆದುಕೊಳ್ಳಲೇ ಎಂದು ಒಮ್ಮೆ ಅನ್ನಿಸಿತು. ಹೆಡ್ ಮಾಸ್ತರರಿಗೆ ಅರ್ಜಿ ಬರೆಯಲೇ ಎಂದು ಇನ್ನೊಮ್ಮೆ. ಮಾಸ್ತರು ಅವನನ್ನು ಕರೆದು ನಾಲ್ಕು ಬುದ್ಧಿಮಾತು ಹೇಳುತ್ತಾರೆ, ಅವನು ಸಾರಿ ಅನ್ನುತ್ತಾನೆ, ಅಷ್ಟಕ್ಕೆ ಮುಗಿಯುತ್ತದೆ. ಅಷ್ಟಕ್ಕೆ ಮುಗಿಯುವುದು ಅವಳಿಗೆ ಬೇಕಿರಲಿಲ್ಲ.

ಮನೆಗೆ ಬಂದು ಫೋನಿನ ಗ್ಯಾಲರಿ ಹುಡುಕಿದಳು. ‘ಮನಿ ಮಂದಿ’ ಎಂಬ ಅವರ ಕುಟುಂಬದ ಗ್ರೂಪಿಗೆ ಕಿರಣಕುಮಾರ ಆವತ್ತು ಫೋಟೋ ಹಾಕಿದ್ದ, ಬರಲಾಗದ ಪುಣೆಯ ಬಳಗ ನೋಡಲಿ ಎಂದು. ಅವಳು ತೆರೆಯದಿದ್ದರೂ ಅದು ತಾನಾಗಿಯೇ ಇಳಿದು ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕೂತಿತ್ತು. ಸ್ಟಿಕರಿನಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು. ನಡುವೆ ಹಾರ ಹಾಕಿಸಿಕೊಂಡು ಕೂತ ಹೊಳಬಸಪ್ಪ, ಮೂಗಿನಲ್ಲಿ ಹತ್ತಿ. ಅವನ ಕಾಲುಗಳನ್ನು ತಬ್ಬಿ ಹಣೆ ಹಚ್ಚಿದ್ದ ಅವನ ತಾಯಿ ರೇಣುಕವ್ವ. ಬಾಜುವಿನಲ್ಲಿ ಬಾಯಿ ಅಗಲಿಸಿಕೊಂಡ ತಾನು.

ಒಂದು ಮಾತು ಅವಳಿಗೆ ಆಗಲೇ ಹೊಳೆದದ್ದು. ಎಲ್ಲ ಕಡೆಗೂ ಕಳಿಸಿದವನು ‘ಮನಿ ಮಂದಿ’ಯಲ್ಲಿ ಮಾತ್ರ ಆ ಸ್ಟಿಕರನ್ನು ಒಮ್ಮೆಯೂ ಹಾಕಿರಲಿಲ್ಲ. ಅಂದರೆ ತಾನು ಏನು ಮಾಡಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

ಕಲಘಟಗಿಯಲ್ಲಿ ಕಿರಣಕುಮಾರ ಹೊಸ ಮನೆ ಕಟ್ಟಿಸಿದ್ದ. ಐದು ವಾರಕ್ಕೆ ಗೃಹಪ್ರವೇಶವಿತ್ತು. ಅಲ್ಲಿಯವರೆಗೆ ಶಿವಗಂಗಾ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವನ ಗುಡ್ ಮಾರ್ನಿಂಗಿಗೆ ದಿನವೂ ಕೈಮುಗಿಯುವ ಗುರುತು ಕಳಿಸಿದಳು. ಟೈಲ್ಸಿನ ಫೋಟೋ ಹಾಕಿದಾಗ ಛಲೋ ಅದಾವು ಎಂದು ಬರೆದಳು. ಹಾಗೆ ಬರೆಯುವಾಗಲೆಲ್ಲ ಅವಳಿಗೆ ಒಂದು ಬಗೆಯ ಹಿತವಾಗುತ್ತಿತ್ತು. ಗಂಡ ಹೋದ ಮೇಲೆ ಸರಿಯಾಗಿ ಊಟ ಸೇರದವಳು ಆ ಐದು ವಾರ ಹೊಟ್ಟೆ ತುಂಬ ಉಂಡಳು.

ಅತ್ತೆ ರೇಣುಕವ್ವ ಅವಳ ಜೊತೆಗೇ ಇದ್ದಳು. ಇಪ್ಪತ್ತು ವರ್ಷ ಅತ್ತೆ ಸೊಸೆಗೆ ಕೂಡಿ ಬಂದದ್ದು ಕಡಿಮೆ. ಸೊಸೆಗೆ ಮಕ್ಕಳಾಗಲಿಲ್ಲ ಎಂಬ ಮಾತನ್ನು ಅತ್ತೆ ಹಬ್ಬ ಹುಣ್ಣಿವೆಗೊಮ್ಮೆಯಾದರೂ ಎತ್ತುತ್ತಿದ್ದಳು. ಗೃಹಪ್ರವೇಶದ ನಂತರ ಸಣ್ಣ ಮಗನ ಮನೆಯಲ್ಲೇ ಇರುವುದು ಎಂದು ತೀರ್ಮಾನವಾಗಿ, ರೇಣುಕವ್ವ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿಟ್ಟಿದ್ದಳು. ಇಬ್ಬರಿಗೂ ಅದರಿಂದ ಸಮಾಧಾನವೇ ಆಗಿತ್ತು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಮೊದಲು ಶಿವಗಂಗಾ ಅಲ್ಲಾಭಕ್ಷನ ಫೋಟೋ ಸ್ಟುಡಿಯೋಗೆ ಹೋದಳು. ಎರಡಡಿ ಅಗಲದ ಪ್ರಿಂಟು, ಗಾಜು, ಫ್ರೇಮು. ಅಲ್ಲಾಭಕ್ಷ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಹಿಂಜರಿದ. “ಅಕ್ಕಾರ, ಈಗ ಹೊಸಾ ಸಾಫ್ಟ್‌ವೇರ್ ಬಂದೈತ್ರಿ. ಕಣ್ಣಾಗಿನ ನೀರು ತಗದು, ಬಾಯಿ ಮುಚ್ಚಿಸಿ ಕೊಡ್ತೈತಿ. ಯಜಮಾನ್ರ ಕಣ್ಣ ಸೈತ ತೆರೆದಂಗ ಮಾಡಬಹುದು. ಹಿಂದ ನೀಲಿ ಬಣ್ಣಾ ಹಾಕಿಬಿಡ್ತೀನಿ.”

“ಏನೂ ತಗೀಬ್ಯಾಡ್ರಿ. ಹೆಂಗ ಐತಿ ಹಂಗ ಇರಲಿ.”

“ಮನ್ಯಾಗ ಇಡಾಕ ಕಷ್ಟ ಆಕ್ಕೈತ್ರಿ.”

“ನಮ್ಮ ಮನ್ಯಾಗಲ್ರಿ ಇಡೂದು” ಎಂದಳು ಅವಳು.

ಗೃಹಪ್ರವೇಶದ ದಿನ ಪೂಜೆ ಮುಗಿದಿತ್ತು. ಹಾಲಿನ ತುಂಬ ನೆಂಟರು, ಕಿರಣಕುಮಾರನ ಜೊತೆಯ ಶಿಕ್ಷಕರು. ಕಿರಣಕುಮಾರ ರೇಷ್ಮೆ ಪಂಚೆ ಉಟ್ಟು, ಫೋನನ್ನು ಒಂದು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದ. ಪುಣೆಯ ಬಳಗ ವಿಡಿಯೋ ಕಾಲಿನಲ್ಲಿ ಎಲ್ಲವನ್ನೂ ನೋಡುತ್ತಿತ್ತು. ಉಡುಗೊರೆ ಕೊಟ್ಟವರನ್ನೆಲ್ಲ ಅವನು ಕ್ಯಾಮೆರಾದ ಮುಂದೆ ನಿಲ್ಲಿಸಿ ನಗಿಸುತ್ತಿದ್ದ. ಹೊಳೆಯುವ ಕಾಗದ ಸುತ್ತಿದ ದೊಡ್ಡ ಫ್ರೇಮನ್ನು ಶಿವಗಂಗಾ ಎತ್ತಿಕೊಂಡು ಬಂದಾಗ ಅವನ ಮುಖ ಅರಳಿತು.

“ಬರ್ರಿ ವೈನಿ. ಯಾವ ದೇವರ ಫೋಟೋ ತಂದೀರಿ? ಈ ಕಡೆ ನೋಡ್ರಿ, ಪುಣೆದವರಿಗೂ ಕಾಣಲಿ” ಎಂದು ಅತ್ತಿಗೆಯನ್ನು ಕರೆದ.

“ತಗದ ನೋಡು” ಎಂದಳು.

ಅವನು ಕ್ಯಾಮೆರಾ ಕಡೆ ತಿರುಗಿಯೇ ಕಾಗದ ಹರಿದ. ಪುಣೆಯಿಂದ ಯಾರೋ ಅಯ್ಯೋ ಎಂದದ್ದು ಮೊದಲು ಕೇಳಿಸಿತು. ಆಮೇಲೆ ಅವನು ತಲೆ ಬಗ್ಗಿಸಿ ನೋಡಿದ. ಅವನ ಹೆಂಡತಿ ಸುನಿತಾ ಆರತಿ ತಟ್ಟೆ ಹಿಡಿದು ಬಾಜುವಿನಲ್ಲಿ ನಿಂತಿದ್ದಳು. “ಇವತ್ತಿನ ದಿನಾ ಇದನ್ಯಾಕ ತಂದ್ರಿ ವೈನಿ” ಎಂದಳು ಸಣ್ಣ ದನಿಯಲ್ಲಿ.

ಶಿವಗಂಗಾ ತನ್ನ ಫೋನಿನಲ್ಲಿ ಸ್ಟಿಕರ್ ತೆರೆದು ಫ್ರೇಮಿನ ಗಾಜಿಗೆ, ತನ್ನ ಮುಖದ ಬಾಜುವಿಗೇ ಹಿಡಿದಳು. “ಇದು ನಿನಗೂ ಬಂದಿರಬೇಕಲಾ ಸುನಿತಾ. ಎಲ್ಲಿಂದ ಕತ್ತರಿಸಿದ್ದು ಅಂತ ಗೊತ್ತಿರಲಿ ಅಂತ ತಂದೆ.”

ಸುನಿತಾ ಎರಡನ್ನೂ ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು. “ನಾನೂ ಕಳಿಸೀನಿ ಇದನ್ನ” ಎಂದಳು. “ನಮ್ಮ ತವರು ಮನಿಯವರಿಗೆಲ್ಲಾ ಕಳಿಸೀನಿ.” ಗಂಡನ ಕಡೆ ತಿರುಗಿದಳು. “ಎಲ್ಲೋ ನೆಟ್ಟಿನಾಗ ಸಿಕ್ತು ಅಂದಿದ್ರಲ್ಲಾ ನೀವು.”

ಹಾಲಿನಲ್ಲಿದ್ದವರಲ್ಲಿ ಕೆಲವರು ಆಗಲೇ ತಮ್ಮ ಫೋನ್ ತೆಗೆದು ನೋಡುತ್ತಿದ್ದರು. ಆ ಸ್ಟಿಕರ್ ಅವರ ಹತ್ತಿರವೂ ಇತ್ತು.

“ವೈನಿ” ಎಂದ ಕಿರಣಕುಮಾರ. “ಬೇಕಂತ ಮಾಡಿದ್ದಲ್ರಿ. ಆಗ ಹೊಸಾ ಅಪ್‌ಡೇಟ್ ಬಂದಿತ್ತು. ಫೋಟೋದ ಮ್ಯಾಲ ಬೆರಳ ಇಟ್ಟರ ಸಾಕು, ಅದ ಕತ್ತರಿಸಿ ಸ್ಟಿಕರ್ ಮಾಡಿ ಕೊಡತಿತ್ತು. ಹೆಂಗ ಆಕ್ಕೈತಿ ನೋಡೂಣಂತ...”

“ಈ ಫೋಟೋದಾಗ ಮೂರ ಮಂದಿ ಅದೀವಿ. ನಿಮ್ಮಣ್ಣನ ಮ್ಯಾಲ ಯಾಕ ಬೆರಳ ಇಡಲಿಲ್ಲ? ನಿಮ್ಮವ್ವನ ಮ್ಯಾಲ ಯಾಕ ಇಡಲಿಲ್ಲ?”

ಅವನು ಕೋಲಿನ ಫೋನಿನ ಕಡೆ ಒಮ್ಮೆ ನೋಡಿದ. “ಎಲ್ಲಾ ಕಡೆಯಿಂದ ಅಳಸ್ತೀನ್ರಿ” ಎಂದ.

“ಅಳಸೂದು ನಿನಗ ಛಲೋ ಬರ್ತೈತಿ” ಎಂದಳು ಶಿವಗಂಗಾ.

ರೇಣುಕವ್ವ ಗೋಡೆಯ ಕಡೆಗೆ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಕಣ್ಣು ಮಂದ. “ಏನೈತೋ ಅದರಾಗ? ಯಾರಾರ ಹೇಳ್ರಿ ನನಗ” ಎಂದು ಎರಡು ಸಲ ಕೇಳಿದ್ದಳು, ಯಾರೂ ಹೇಳಿರಲಿಲ್ಲ. ಶಿವಗಂಗಾ ಫ್ರೇಮನ್ನು ಒಯ್ದು ಅತ್ತೆಯ ತೊಡೆಯ ಮೇಲೆ ಇಟ್ಟಳು. “ನಿಮ್ಮ ದೊಡ್ಡ ಮಗಾ ಅದಾನ್ರಿ ಅತ್ತಿ. ಅವನ ಕಾಲ ಹಿಡಕೊಂಡು ನೀವದೀರಿ. ಬಾಜೂಕ ನಾನದೀನಿ. ನಾ ಅಳೂದನ್ನ ಕತ್ತರಿಸಿ ಕಿರಣ ಊರ ಮಂದಿಗೆ ನಗಾಕ ಕಳಿಸ್ಯಾನ. ಅಣ್ಣ ಸತ್ತ ಐದನೇ ದಿನ.”

ರೇಣುಕವ್ವ ಗಾಜಿನ ಮೇಲೆ ಮುಖ ತಂದು ನೋಡಿದಳು. ಬೆರಳಿನಿಂದ ಮಗನ ಹಾರವನ್ನು, ಎದೆಯನ್ನು ಸವರಿದಳು. ನಂತರ ತಲೆ ಎತ್ತದೆಯೇ ಕೇಳಿದಳು, “ಖರೇನೇನೋ ಕಿರಣಾ?”

ಕಿರಣಕುಮಾರ ಹತ್ತಿರ ಬಂದು ಕಾಲ ಬಳಿ ಕೂತ. “ತಪ್ಪಾತವ್ವಾ.”

ಅವಳು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. “ಗಂಗಾ, ನನ್ನ ಚೀಲಾ ಎಲ್ಲಿ ಐತಿ? ಮನಿಗೆ ಹೋಗೂಣು ನಡಿ.”

ಇದನ್ನು ಮಾತ್ರ ಶಿವಗಂಗಾ ಎಣಿಸಿರಲಿಲ್ಲ. ನಾಲ್ಕು ಜನರ ಮುಂದೆ ಅವನ ಮುಖ ಸುಟ್ಟರೆ ಸಾಕೆಂದು ಬಂದಿದ್ದಳು, ಅತ್ತೆಯನ್ನು ಮರಳಿ ಕರೆದೊಯ್ಯಲು ಅಲ್ಲ. ಆದರೆ ಕಿರಣಕುಮಾರನ ಮುಖ ನಿಜವಾಗಿ ಇಳಿದದ್ದು ಆಗಲೇ. ಅದನ್ನು ನೋಡಿ ಅವಳು ಚೀಲ ಎತ್ತಿಕೊಂಡಳು. ಫ್ರೇಮನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟಳು. ಕೋಲಿಗೆ ಸಿಕ್ಕಿಸಿದ ಫೋನಿನಿಂದ ಪುಣೆಯವರು ಏನಾತು, ಏನಾತು ಎಂದು ಕೇಳುತ್ತಲೇ ಇದ್ದರು.

ಆಮೇಲೆ ಕಿರಣಕುಮಾರ ತಾನು ಹಾಕಿದ ಗ್ರೂಪುಗಳಿಗೆಲ್ಲ ದೊಡ್ಡ ಕ್ಷಮಾಪಣೆ ಬರೆದ. ಒಬ್ಬೊಬ್ಬರನ್ನೂ ಕೇಳಿ ತೆಗೆಸಿದ. ದಾನೀಶನ ಗ್ಯಾರೇಜಿಗೂ ಹೋಗಿ ನಿಂತನಂತೆ. ಶಾಲೆಯಲ್ಲಿ ಹುಡುಗರು ಅವನು ಬೋರ್ಡಿನ ಕಡೆ ತಿರುಗಿದ ಕೂಡಲೇ ‘ಹೋತಲ್ಲೋ ಯಪ್ಪಾ’ ಅನ್ನುತ್ತಾರೆ ಎಂದು ತಬಸುಮ್ ಹೇಳಿದಳು. ಅದನ್ನು ಕೇಳಿದ ದಿನ ಶಿವಗಂಗಾ ಅಂಗನವಾಡಿ ಮಕ್ಕಳಿಗೆ ಶೇಂಗಾ ಉಂಡೆ ಹಂಚಿದಳು. ಸ್ಟಿಕರ್ ಪೂರ್ತಿ ನಿಂತಿಲ್ಲ. ಹೋದ ತಿಂಗಳು ಕುಂದಗೋಳದ ಕಡೆಯ ಯಾರೋ ಗುರುತಿಲ್ಲದವರು ಅದನ್ನು ಟೀಚರುಗಳ ಇನ್ನೊಂದು ಗ್ರೂಪಿಗೆ ಹಾಕಿದ್ದರು. ಅವಳು ನೋಡಿ ಮುಂದೆ ಸರಿಸಿದಳು.

ರೇಣುಕವ್ವ ಮಿಶ್ರಿಕೋಟಿಯಲ್ಲೇ ಇದ್ದಾಳೆ. ಪಲ್ಯಕ್ಕೆ ಉಪ್ಪು ಹೆಚ್ಚು ಅನ್ನುತ್ತಾಳೆ, ಫ್ಯಾನು ಜೋರು ಅನ್ನುತ್ತಾಳೆ. ಮಕ್ಕಳ ಮಾತನ್ನು ಮಾತ್ರ ಎತ್ತುವುದಿಲ್ಲ.

ಪ್ರತಿ ರವಿವಾರ ಮುಂಜಾನೆ ಕಿರಣಕುಮಾರ ವಿಡಿಯೋ ಕಾಲ್ ಮಾಡುತ್ತಾನೆ. ಶಿವಗಂಗಾ ಎತ್ತುತ್ತಾಳೆ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಕ್ಯಾಮೆರಾಕ್ಕೆ ಮಾಡಿನ ತಗಡು ಮಾತ್ರ ಕಾಣುವಂತೆ ಇಡುತ್ತಾಳೆ. “ಅವ್ವ ಅದಾಳೇನ್ರಿ ವೈನಿ?” ಎನ್ನುತ್ತಾನೆ. “ಅದಾಳ” ಎನ್ನುತ್ತಾಳೆ. ಅವನು ತಗಡಿನ ಕಡೆ ನೋಡಿಕೊಂಡು ಮಗಳ ಪರೀಕ್ಷೆಯ ಸುದ್ದಿ, ತನ್ನ ಬಿ.ಪಿ. ಸುದ್ದಿ ಹೇಳುತ್ತಾನೆ. “ಒಂದ ಸಲ ಮುಖಾ ತೋರಸವ್ವಾ” ಎನ್ನುತ್ತಾನೆ. ರೇಣುಕವ್ವ ಮಾತಾಡುವುದಿಲ್ಲ.

ಈ ರವಿವಾರ ಅವನು ಹಾಗೆ ಕೇಳಿದಾಗ, ಒಲೆಯ ಮುಂದೆ ಕೂತಿದ್ದ ರೇಣುಕವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಕೂದಲು ತೀಡಿಕೊಂಡು, ಡಬ್ಬಿಯ ಕಡೆಗೆ ಒಂದು ಮೊಳ ಸರಿದು ಕೂತಳು. ಶಿವಗಂಗಾ ಅದನ್ನು ನೋಡಿದಳು. ಫೋನನ್ನು ತಿರುಗಿಸಬಹುದಿತ್ತು. ಇನ್ನೊಂದೆರಡು ವಾರ ಹೋಗಲಿ ಎಂದುಕೊಂಡು ರೊಟ್ಟಿಯ ಹಿಟ್ಟಿಗೆ ನೀರು ಹಾಕಿದಳು.