ಮಾವ ಬೇಡವೆಂದ ರೆಸಿಸ್ಟರ್

ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಅಕಿಹಾಬಾರದ ರೈಲು ಸೇತುವೆಯ ಕೆಳಗೆ ಇಸೊಗಾಯ್ ಮನೆತನದ ಅಂಗಡಿ. ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಯಾಸುತಾಕ ಮದುವೆಯಾದಾಗಿನಿಂದ ಅಲ್ಲೇ ಕೂತು, ಮಾವ ಕಿಂಜಿರೊ ಜೊತೆ ಹಳೆಯ ಕಾಲದ ಗಾಜಿನ ವಾಲ್ವಿನ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಮನೆ ಅಳಿಯನಾಗಿ ಬಂದವನು, ಹುಟ್ಟಿದ ಮನೆತನದ ಹೆಸರನ್ನೂ ಬಿಟ್ಟು ಇಸೊಗಾಯ್ ಆಗಿದ್ದ. ಬೆಳಿಗ್ಗೆ ಷಟರ್ ಎತ್ತಿ ಒಳಗೆ ನುಸುಳುವಾಗಲೆಲ್ಲ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು.

ಆ ವಸಂತದಲ್ಲಿ ದಾರಿಯೊಂದು ತೆರೆಯಿತು. ದೂರದ ಊರು ಮತ್ಸುಮೊತೊದ ತಾಂತ್ರಿಕ ಶಾಲೆಯೊಂದು ಮೇಷ್ಟ್ರ ಕೆಲಸಕ್ಕೆ ಕರೆಯಿತು. ಹೆಂಡತಿ ಫುಸಾಯೆಯೂ ಒಪ್ಪಿದಳು.

"ಆದ್ರೆ ಅಪ್ಪನಿಗೆ ನೀವೇ ಹೇಳ್ಬೇಕು ರೀ. ನನ್ನ ಕೈಲಾಗಲ್ಲ."

ಹೇಳುವ ಮೊದಲು ಒಂದು ಕೆಲಸ ಮುಗಿಸೋಣವೆಂದುಕೊಂಡ. ಮಾವನ ಆಂಪ್ಲಿಫೈಯರುಗಳಲ್ಲಿ ಬ್ಲೀಡರ್ ರೆಸಿಸ್ಟರ್ ಇರುತ್ತಿರಲಿಲ್ಲ. ವಾಲ್ವು ಕಿತ್ತಿಟ್ಟು ವಿದ್ಯುತ್ ಭಾಗವನ್ನಷ್ಟೇ ಪರೀಕ್ಷಿಸಿದರೆ, ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಕೂಡಿಡುವ ಕೆಪಾಸಿಟರಿನಲ್ಲಿ ನಾನೂರು ವೋಲ್ಟ್ ಹಾಗೇ ಕೂತಿರುತ್ತಿತ್ತು. ಅದನ್ನು ಮೆಲ್ಲಗೆ ಇಳಿಸುವುದೇ ಆ ರೆಸಿಸ್ಟರಿನ ಕೆಲಸ. ಮಾವನ ಕಣ್ಣು ಮಂಜಾಗಿತ್ತು. ಪೆಟ್ಟಿಗೆಯೊಳಗೆ ಕೈ ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಯಾಸುತಾಕ ರೆಸಿಸ್ಟರಿನ ಡಬ್ಬಿಗಳನ್ನು ಕೆದಕಿದ. ಹತ್ತು ಸಾವಿರ ಓಮ್‌ನದು ಬೇಗ ಖಾಲಿ ಮಾಡುತ್ತದೆ, ಆದರೆ ತಾನೇ ಒಲೆಯಂತೆ ಕಾಯುತ್ತದೆ. ಹತ್ತು ಲಕ್ಷದ್ದು ತಣ್ಣಗಿರುತ್ತದೆ, ಆದರೆ ಅದು ಇಳಿಸುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಒಂದು ಲಕ್ಷದ್ದು ಸರಿ: ನಿಮಿಷದೊಳಗೆ ಬರಿದು, ಸುಡುವುದು ಎರಡು ವ್ಯಾಟಿಗೂ ಕಡಿಮೆ. ನಿರಾಳವಾಗಿರಲೆಂದು ಐದು ವ್ಯಾಟ್ ತಾಳುವುದನ್ನೇ ಆರಿಸಿ, ಆಗ ಕಟ್ಟುತ್ತಿದ್ದ ಪೆಟ್ಟಿಗೆಗೆ ಬೆಸೆದ.

ಮಾವ ಅದರ ಮೇಲೆ ಬೆರಳಾಡಿಸಿದ. "ಇದೇನಯ್ಯ?"

"ಬ್ಲೀಡರ್, ಮಾವ. ಶಾಕ್ ಹೊಡೀಬಾರ್ದು ಅಂತ."

"ಇಷ್ಟು ವರ್ಷ ಹೊಡೀದೇ ಇದ್ದದ್ದು ಈಗ ಹೊಡಿಯುತ್ತಾ? ಕೂತು ತಿನ್ನೋಕೆ ಮನೇಲಿ ನೀನೊಬ್ಬ ಸಾಲದು ಅಂತ, ಕರೆಂಟ್ ತಿನ್ನೋಕೆ ಇದೊಂದು ಬೇರೆ! ಕಿತ್ತಾಕು."

ಮತ್ಸುಮೊತೊದ ಮಾತನ್ನು ಯಾಸುತಾಕ ಅಂದು ಎತ್ತಲಿಲ್ಲ. ಹೇಗೂ ಹೊರಡುವವನು, ಜಗಳವೇಕೆ ಎಂದುಕೊಂಡು ಕಿತ್ತುಹಾಕಿದ.

ಮರುವಾರ ಅವನು ಗಿರಾಕಿಯ ಮನೆಗೆ ಹೋಗಿದ್ದಾಗ ಮುದುಕ ಅದೇ ಪೆಟ್ಟಿಗೆಯ ವಾಲ್ವು ಕಿತ್ತಿಟ್ಟು ಪರೀಕ್ಷೆಗೆ ಹಾಕಿದ. ಸ್ವಿಚ್ ಆರಿಸಿ ಒಳಗೆ ಕೈಯಿಟ್ಟ. ಹೊಡೆತಕ್ಕೆ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ.

ಜೀವ ಉಳಿಯಿತು. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳನ್ನು ಮಡಚಲಾಗಲಿಲ್ಲ. ಫುಸಾಯೆ ಮಿಸೊ ಸಾರನ್ನು ಕುಡಿಸುತ್ತಿದ್ದಾಗ ಮುದುಕ ಅಳಿಯನನ್ನು ಹತ್ತಿರ ಕರೆದ.

"ನಿನಗೆ ಯಾವುದು ಬೇಕೋ ಅದನ್ನ ಹಾಕ್ಕೊಳಪ್ಪ ಇನ್ಮೇಲೆ. ಅಂಗಡಿ ನಿಂದೇ."

ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಯಾಸುತಾಕ ಎಂದೂ ಕೇಳಿರಲಿಲ್ಲ. ಬೈದಿದ್ದರೆ ಹೊರಡಬಹುದಿತ್ತು.

ಅಡುಗೆಮನೆಯಲ್ಲಿ ಫುಸಾಯೆ ಪಿಸುಗುಟ್ಟಿದಳು: "ಶಾಲೆಯೋರಿಗೆ ಏನು ಹೇಳ್ತೀರಿ?"

"ಏನು ಹೇಳ್ಲಿ? ಕಿತ್ತೋನು ನಾನೇ ತಾನೆ."

"ಕೀಳು ಅಂದೋರು ಅವರಲ್ವಾ?"

ಅವನು ಸಾರಿನ ಬಟ್ಟಲನ್ನು ಅವಳ ಕೈಗಿಟ್ಟ. ಅವಳು ಅದನ್ನು ತೊಳೆಯತೊಡಗಿದಳು.

ಕೆಲಸಕ್ಕೆ ಬರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಶಾಲೆಯವರು ಕಾರಣ ಕೇಳಿದರು. ಮನೆಯ ಅನಾನುಕೂಲ ಎಂದ. ಫೋನ್ ಇಟ್ಟು ಮಾವನ ಅಂಗಿಗೆ ಗುಂಡಿ ಹಾಕಲು ಹೋದ.